ಮಧ್ಯಾಹ್ನದ ದೋಣಿ

ಹಡಗಿನಲ್ಲಿ ಮೊಟ್ಟೆಯನ್ನು ಬೇಕಾದವರಿಗೆ ಬೇಕಾದ ಹಾಗೆ ಕಣ್ಣೆದುರೇ ಮಾಡಿಕೊಡುತ್ತಾರೆ ಎಂದು ಅಳಿಯ ಹೇಳುತ್ತಿದ್ದುದು ಬಾಗಿಲಾಚೆಗೇ ಕೇಳಿಸಿತು. ಅದರ ಬೆನ್ನಿಗೇ ಮಗಳ ದನಿ, ಗಂಟಲಿನಿಂದಲ್ಲ, ಬರೀ ಉಸಿರಿನಿಂದ: "ಸಾಕು, ಬಂದ್ಲು." ಹೊರಗೆ ಬೀಗಕ್ಕೆ ಕೀಲಿ ತೂರಿಸಿದ್ದ ಅವಳ ಕೈ ಹಾಗೆಯೇ ನಿಂತಿತು. ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ಇಷ್ಟು ವರ್ಷ ಕೂತದ್ದರಿಂದ ಅವಳಿಗೆ ಈ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತ್ತು. ಜನ ಜೋರಾಗಿ ಆಡಿದ್ದಕ್ಕಿಂತ ತಗ್ಗಿಸಿ ಆಡಿದ್ದೇ ಮೊದಲು ಕೇಳಿಸುತ್ತಿತ್ತು. ಇವತ್ತು ಬೆಳಿಗ್ಗೆ ಬಂದಿದ್ದ ಮುದುಕನೊಬ್ಬ ಗಾಜಿನ ಕೋಣೆಯೊಳಗೆ ಕೂತು, ಅವಳು ಶಬ್ದ ಕಳಿಸುವ ಮೊದಲೇ ಗುಂಡಿ ಒತ್ತಿ ಒತ್ತಿ ಇಟ್ಟಿದ್ದ. ಕಿವುಡು ಅಂತ ಬರೆದುಬಿಟ್ಟರೆ ಎಂಬ ಭಯ. "ಕೇಳಿಸಿದಾಗ ಮಾತ್ರ ಒತ್ತಿ ಅಜ್ಜಾ" ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಮೊಟ್ಟೆಯ ಮಾತಿಗೆ ದನಿ ತಗ್ಗಿಸುವ ಅಗತ್ಯ ಯಾರಿಗೂ ಇರುವುದಿಲ್ಲ ಎಂದುಕೊಂಡು ಬಾಗಿಲು ತೆಗೆದಳು.

ಊಟದ ಮೇಜಿನ ಸುತ್ತ ನಾಲ್ಕು ತಲೆಗಳಿದ್ದವು. ಗಂಡ ತಾವೆಲ್ಲ ಪ್ರವಾಸ ಹೋಗಲಿದ್ದ ಹಡಗಿನ ನಕಾಶೆಯನ್ನು ಹರಡಿಕೊಂಡು ಸೀಸದಕಡ್ಡಿಯಿಂದ ತಮ್ಮ ಕೋಣೆಯಿಂದ ಊಟದ ಹಾಲಿಗೆ ದಾರಿ ಎಳೆಯುತ್ತಿದ್ದ. ಕಟ್ಟಡಗಳ ನಕಾಶೆ ಬರೆದೇ ಜೀವನ ಸಾಗಿಸಿದವನು ಅವನು, ಗೆರೆ ಎಳೆದರೆ ಮಾತ್ರ ಅವನಿಗೆ ಒಂದು ಜಾಗ ಇದೆ ಅಂತ ನಂಬಿಕೆ ಬರುತ್ತಿತ್ತು. ಮಗಳು ಲ್ಯಾಪ್‌ಟಾಪಿನ ಮುಂದೆ, ಶಾಲೆಯಲ್ಲಿ ಹಾಜರಿ ಕೂಗುವಾಗಿನ ಬಿಗಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ, ಟೈರಿನ ವ್ಯಾಪಾರಿ. ಅವನ ಪಕ್ಕದಲ್ಲಿ ಅವನ ತಾಯಿ. ಮನೆಗೆ ಬಂದಾಗಲೆಲ್ಲ ಈ ಬೀಗಿತ್ತಿ ಯಾವುದೋ ಒಂದು ಕುರ್ಚಿಯಲ್ಲಿ ಕೂತರೆ ಅದು ಅವರದೇ ಕುರ್ಚಿ ಆಗಿಬಿಡುತ್ತಿತ್ತು. ಇವತ್ತು ಆದದ್ದು ಅವಳ ಕುರ್ಚಿ. ಎಲ್ಲರೂ ತಲೆ ಎತ್ತಿದರು, ನಕ್ಕರು, ಮತ್ತೆ ಬಗ್ಗಿದರು.

"ರಾತ್ರಿಯೆಲ್ಲಾ ಊಟ ಇಟ್ಟಿರ್ತಾರಂತೆ ಕಣ್ರೀ," ಎಂದರು ಬೀಗಿತ್ತಿ ಅವಳಿಗೆ. "ಹಾಗಾದ್ರೆ ಮಲಗೋದು ಯಾವಾಗ ಅಂತ ಕೇಳಿದೆ. ಇವನಿಗೆ ಉತ್ತರ ಗೊತ್ತಿಲ್ಲ."

"ಊಟದ ಕಾಲಂ ತುಂಬಿಬಿಟ್ಟೆ ಚಿಕ್ಕಮ್ಮ," ಎಂದಳು ಮಗಳು ಪರದೆಯಿಂದ ಕಣ್ಣು ಕೀಳದೆ. "ಅಪ್ಪನಿಗೆ ಉಪ್ಪು ಕಮ್ಮಿ. ಅತ್ತೆಗೆ ಖಾರ ಬೇಡ. ನಿಂಗೇನು, ಏನು ಕೊಟ್ರೂ ಆಗುತ್ತೆ. ವಿಶೇಷ ಏನೂ ಇಲ್ಲ ಅಂತ ಹಾಕಿದೀನಿ."

ವಿಶೇಷ ಏನೂ ಇಲ್ಲ. ಅವಳು ಗೋಡೆಗೆ ಒರಗಿ ನಿಂತಳು. ಮಾತು ತಪ್ಪೇನಲ್ಲ. ಈ ಮನೆಗೆ ಬಂದಾಗಿನಿಂದ ಉಳಿದದ್ದನ್ನು ಬಡಿಸಿಕೊಂಡವಳು ತಾನೇ. ಮಗಳು ಚಿಕ್ಕವಳಿದ್ದಾಗ ಅವಳು ತಿಂದು ಬಿಟ್ಟ ಬ್ರೆಡ್ಡಿನ ಅಂಚುಗಳೇ ಎಷ್ಟೋ ಬೆಳಗಿನ ತಿಂಡಿಯಾಗಿದ್ದವು. ಯಾರೂ ಒತ್ತಾಯ ಮಾಡಿರಲಿಲ್ಲ, ಅದೇ ತೊಂದರೆ. ಒತ್ತಾಯ ಮಾಡಿದ್ದರೆ ಜಗಳಕ್ಕೊಂದು ಹಿಡಿ ಸಿಗುತ್ತಿತ್ತು. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು ಎಂದು ಆಗೆಲ್ಲ ತನಗೆ ತಾನೇ ನಗೆಯಾಡಿಕೊಳ್ಳುತ್ತಿದ್ದಳು. ಇವತ್ತು ನಗು ಬರಲಿಲ್ಲ. ಹಸಿವಾಗಿತ್ತು. ಊಟ ಮಾಡಿದೆಯಾ ಎಂದು ಯಾರೂ ಕೇಳಿರಲಿಲ್ಲ. ಅವರದೆಲ್ಲ ಆಗಿರಬೇಕು, ಮೇಜಿನ ಮೂಲೆಯಲ್ಲಿ ಖಾಲಿ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟು ಸರಿಸಿದ್ದರು.

"ಇವಳಿಗೇನಮ್ಮ ಚಿಂತೆ," ಎಂದ ಗಂಡ, ಗೆರೆ ಎಳೆಯುತ್ತಲೇ, ಸಂತೋಷದಿಂದ. "ಹಡಗಿನ ಊಟ ಅಂದ್ರೆ ಇವಳಿಗೇ ಸರಿ. ಸಿಗಡಿ ಒಂದಿದ್ರೆ ಬೇರೆ ಏನೂ ಕೇಳಲ್ಲ. ಸಿಗಡಿ ಅಂದ್ರೆ ಪ್ರಾಣ."

"ಸಿಗಡಿ ತಿಂದ್ರೆ ನಂಗೆ ಮೈಯೆಲ್ಲಾ ದದ್ದು ಏಳುತ್ತೆ," ಎಂದಳು ಅವಳು. "ಒಂದ್ಸಲ ಆಸ್ಪತ್ರೆಗೆ ಸೇರಿಸಿದ್ರಿ. ನೀವೇ ಕರ್ಕೊಂಡು ಹೋಗಿದ್ದು."

ಸೀಸದಕಡ್ಡಿ ನಿಂತಿತು. ಸಿಗಡಿ ಯಾರ ಪ್ರಾಣವಾಗಿತ್ತು ಎನ್ನುವುದು ಆ ಮೇಜಿನಲ್ಲಿ ಕೂತ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು. ಬೀಗಿತ್ತಿಗೂ ಹೊಳೆದಿರಬೇಕು, ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಗಂಡನ ಮುಖದಲ್ಲಿ ನಾಚಿಕೆ ಕಾಣುತ್ತದೆ ಎಂದು ಅವಳು ಕಾದಳು. ಕಂಡದ್ದು ಬರೀ ಗೊಂದಲ, ಎರಡು ಕೀಲಿಗಳಲ್ಲಿ ಯಾವುದು ಯಾವ ಬಾಗಿಲಿನದು ಎಂದು ಮರೆತವನ ಗೊಂದಲ. ಮಗಳು ಟಪಟಪ ಒತ್ತಿದಳು. "ಸಿಗಡಿ ಬೇಡ ಅಂತ ಹಾಕಿದೆ. ಆಯ್ತಲ್ಲ," ಎಂದಳು, ತರಗತಿಯಲ್ಲಿ ಯಾರೋ ಚೆಲ್ಲಿದ ನೀರನ್ನು ಒರೆಸಿದ ಹಾಗೆ.

ಅಳಿಯ ಒಳ್ಳೆಯವನು. ಎಲ್ಲಿ ಬಿಸಿ ಹತ್ತಿತೋ ಅಲ್ಲಿಂದ ಮಾತನ್ನು ಎಳೆದುಕೊಂಡು ಹೋಗುವುದು ಅವನ ಗುಣ. ದಡದ ಸುತ್ತಾಟ ನೋಡೋಣ ಎಂದು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. ಮೊದಲನೇ ಬಂದರಿನಲ್ಲಿ ಹಳೇ ಕೋಟೆ, ಎಲ್ಲರೂ ಒಟ್ಟಿಗೆ. ಮೆಟ್ಟಿಲು ಹತ್ತಲಾರದವರಿಗೆ ಗಾಲಿಕುರ್ಚಿ ಉಂಟು. ಎರಡನೆಯದರಲ್ಲಿ ಬಸ್ಸಿನಲ್ಲಿ ಕೂತು ಊರು ನೋಡುವುದು, ಮಧ್ಯದಲ್ಲಿ ಒಂದು ತೋಟ, ತೋಟದಲ್ಲಿ ಹಣ್ಣು ಎಷ್ಟು ಬೇಕಾದರೂ ತಿನ್ನಬಹುದು, ಕಟ್ಟಿಕೊಂಡು ಬರುವ ಹಾಗಿಲ್ಲ. ಅಲ್ಲಿಗೆ ಬಂದು ಅವನ ಬೆರಳು ಪರದೆಯನ್ನು ಸರ್ರನೆ ಮೇಲಕ್ಕೆ ತಳ್ಳಿತು.

"ಮೂರನೇದು?" ಎಂದಳು ಅವಳು.

"ಅದು ಇನ್ನೂ ಸರಿಯಾಗಿ ನೋಡ್ಬೇಕು ಅತ್ತೆ."

"ನೋಡೋದೇನು, ಆಗ್ಲೇ ಆಯ್ತಲ್ಲೋ," ಎಂದರು ಬೀಗಿತ್ತಿ. ಕನ್ನಡಕ ಹಾಕಿಕೊಂಡು ಅವಳ ಕಡೆ ತಿರುಗಿದರು. "ನಾವಿಬ್ರೂ ಗಾಜಿನ ಕಾರ್ಖಾನೆ ಕಣ್ರೀ. ಕುಲುಮೆ ಮುಂದೆ ಕೂರಿಸಿ ಗಾಜು ಊದೋದು ತೋರಿಸ್ತಾರಂತೆ. ಚಹಾನೂ ಕೊಡ್ತಾರಂತೆ. ಇವರು ಮೂವರು ದ್ವೀಪಕ್ಕೆ ಹೋಗಿ ಬರ್ಲಿ. ನಿಮ್ಮಕ್ಕನ ಹೆಸರಲ್ಲಿ ಹೂ ಬಿಡ್ಬೇಕಂತೆ ನೀರಿಗೆ. ನಮಗ್ಯಾಕೆ ದೋಣಿ ಗೀಣಿ."

ಫ್ರಿಜ್ಜಿನ ಮೋಟಾರು ಗುಂಯ್ ಎನ್ನುತ್ತಿದ್ದದ್ದು ನಿಂತಿತು, ನಿಂತ ಮೇಲೆ ಅದು ಅಷ್ಟು ಹೊತ್ತೂ ಕೇಳುತ್ತಿತ್ತು ಎಂದು ತಿಳಿಯಿತು. ಯಾವ ದ್ವೀಪ ಎಂದು ಅವಳು ಕೇಳಬೇಕಾಗಿರಲಿಲ್ಲ. ಮಗಳು "ಅತ್ತೇ" ಎಂದು ಹಲ್ಲು ಕಚ್ಚಿ ಅಂದದ್ದು, ಅಳಿಯ ತಾಯಿಯ ಕೈ ಅದುಮಿದ್ದು ಎಲ್ಲವನ್ನೂ ಅವಳು ನೋಡಿದಳು. ನೋಡಿ, ಗಂಡನ ಕಡೆ ತಿರುಗಿದಳು.

"ನೀವಾದ್ರೂ ಒಂದು ಮಾತು ಹೇಳ್ಬಹುದಿತ್ತು ಭಾವ."

ಆ ಶಬ್ದ ಎಲ್ಲಿಂದ ಬಂತೋ. ಬೀಗಿತ್ತಿ ಬಾಗಿಲ ಕಡೆ ನೋಡಿದರು, ಇವಳ ಭಾವ ಯಾರಾದರೂ ಒಳಗೆ ಬಂದರೇನೋ ಎಂಬಂತೆ. ಗಂಡನಿಗೆ ಮಾತ್ರ ಗೊತ್ತಾಯಿತು. ಅವನ ಕತ್ತು ಕುಸಿಯಿತು. ಅವಳು ಮೇಜಿನ ಮೇಲಿನ ಖಾಲಿ ಪಾತ್ರೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಈ ಹೊತ್ತಿನಲ್ಲೂ ಬರಿಗೈಯಲ್ಲಿ ಎದ್ದುಹೋಗಲಾಗದೆ ಪಾತ್ರೆ ಎತ್ತಿಕೊಂಡೆನಲ್ಲ ಎಂದು ಅದಕ್ಕೂ ಸಿಟ್ಟು ಬಂತು.

ನಲ್ಲಿ ಬಿಟ್ಟು ನಿಂತಳು. ತೊಳೆಯಲಿಲ್ಲ. ಅಕ್ಕ ತೀರಿಕೊಂಡು ತಾನು ಮದುವೆಯಾದ ಮೇಲೆ ಅವನನ್ನು ಏನೆಂದು ಕರೆಯಬೇಕು ಎಂಬುದು ಇತ್ಯರ್ಥವಾಗಲೇ ಇಲ್ಲ. ಅಲ್ಲಿಯವರೆಗೆ ಭಾವ ಎಂದು ಬಾಯ್ತುಂಬ ಕರೆದವಳು, ಆ ದಿನದಿಂದ "ಇಲ್ಲಿ ಕೇಳಿ" ಎನ್ನತೊಡಗಿದಳು. ಅವನು ಅಷ್ಟಕ್ಕೇ ಓಗೊಡಲು ಕಲಿತ. ಮಗುವಿಗೆ ಹೊರಗಿನವಳು ಬರೋದಕ್ಕಿಂತ ಒಳಗಿನವಳೇ ವಾಸಿ ಎಂದು ಸೋದರಮಾವ ಹೇಳಿದ್ದು, ಎಲ್ಲರೂ ಹೂಂ ಎಂದದ್ದು, ತಾನೂ ಎಂದದ್ದು. ಮಗು ಆಗಲೇ ರಾತ್ರಿ ಅವಳ ಕತ್ತು ಹಿಡಿದುಕೊಂಡೇ ಮಲಗುತ್ತಿತ್ತು, ಬೇಡ ಎನ್ನಲು ಕೈ ಖಾಲಿ ಇರಲಿಲ್ಲ. ಭಾವ ಎಂಬ ಶಬ್ದ ಹೋದದ್ದಕ್ಕೆ ದುಃಖವಿಲ್ಲ, ಅದರ ಜೊತೆಗೆ ಇನ್ನೊಂದು ಶಬ್ದವೂ ಹೋಯಿತು. ಈ ಮನೆಯಲ್ಲಿ ಅಕ್ಕ ಎನ್ನಲು ಯಾರೂ ಉಳಿಯಲಿಲ್ಲ. ಸತ್ತವಳು ಮಗಳಿಗೆ ಅಮ್ಮ. ಗಂಡನಿಗೆ ಬರೀ "ಅವಳು". ತಾನು ಹೇಳಬೇಕಾದಾಗ "ನಿಮ್ಮಮ್ಮ". ನಿಮ್ಮಮ್ಮನ ಫೋಟೋ, ನಿಮ್ಮಮ್ಮನ ಕಪಾಟು, ನಿಮ್ಮಮ್ಮ ಹೋದ ದಿನ. ಆ ದಿನ ಬಂದಾಗಲೆಲ್ಲ ಅಪ್ಪ ಮಗಳು ಒಬ್ಬರಿಗೊಬ್ಬರು ಒರಗಿಕೊಂಡು ಅಳುತ್ತಿದ್ದರು, ತಾನು ಕಾಫಿ ಮಾಡಿ ತರುತ್ತಿದ್ದಳು. ಮೊದಲ ವರ್ಷ ಒಮ್ಮೆ ಅತ್ತಿದ್ದಳು, ಬಂದವರ ಮುಂದೆ. ಹೆಂಗಸೊಬ್ಬಳು ಇನ್ನೊಬ್ಬಳ ಕಿವಿಯಲ್ಲಿ "ಇವಳಿಗೇನು ನಷ್ಟ, ಮನೆಗೆ ಮನೆ, ಗಂಡನಿಗೆ ಗಂಡ" ಎಂದದ್ದು ಆ ಕೋಣೆಯ ಆಚೆ ತುದಿಯಿಂದ ಕೇಳಿಸಿತು. ಅಂದಿನಿಂದ ಅತ್ತಿಲ್ಲ. ಅಕ್ಕನ ಮನೆಯನ್ನು ತೆಗೆದುಕೊಂಡದ್ದಕ್ಕೆ ಅಕ್ಕನನ್ನೇ ಬೆಲೆಯಾಗಿ ಕೊಡಬೇಕು ಎಂದು ಯಾರೋ ತೀರ್ಮಾನಿಸಿದ್ದರು, ತಾನು ಒಪ್ಪಿಕೊಂಡಿದ್ದಳು.

ಮತ್ತೆ ಆ ದ್ವೀಪ. ಬಿಳಿ ಸುಣ್ಣದ ಸಾಲು ಕೋಣೆಗಳು, ಗಾಳಿಗೆ ಬಡಿಯುವ ಪರದೆ. ಅಕ್ಕ ಬೆಳಗಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಗ ಅದು ಬರೀ ತಲೆನೋವು. "ಕರ್ಕೊಂಡು ಹೋಗೇ ಇವಳನ್ನ ಎಲ್ಲಿಗಾದ್ರೂ, ತಲೆ ಸಿಡೀತಿದೆ, ಇವಳ ಕಿರುಚಾಟ ಬೇರೆ." ಮಗುವನ್ನು ಸೊಂಟಕ್ಕೇರಿಸಿಕೊಂಡು ನೀರಿಗೆ ಇಳಿದವಳು ತಾನು. ನೀರು ಮೊಣಕಾಲಿಗೆ, ತೊಡೆಗೆ. ಮಗು ಹೆದರಿ ಅವಳ ಎರಡೂ ಕಿವಿ ಹಿಡಿದುಕೊಂಡು, ಮುಖಕ್ಕೆ ಮುಖ ಒತ್ತಿ, ಬಿಡಬೇಡ ಬಿಡಬೇಡ ಎನ್ನುತ್ತಿತ್ತು, ಆಮೇಲೆ ಅದೇ ಬಾಯಲ್ಲಿ ಇನ್ನೂ ಇನ್ನೂ ಎಂದಿತು. ಭಾವ ಪ್ಯಾಂಟು ಮಡಚಿಕೊಂಡು ದಡದಲ್ಲಿ ಚಪ್ಪಲಿ ಕಾಯುತ್ತಿದ್ದರು. ಸಂಜೆ ಅಕ್ಕ ಎದ್ದು ಬಂದು ಕಾಗದದ ತಟ್ಟೆಯಲ್ಲಿ ಸಿಗಡಿ ತಿಂದು, ಬೆರಳು ನೆಕ್ಕಿ, ಸಮುದ್ರಕ್ಕೆ ಬಂದು ಸಮುದ್ರ ನೋಡಲಿಲ್ಲವಲ್ಲೇ ಎಂದು ತಾನೇ ನಕ್ಕಳು.

"ಹೀಗೆ ಎದ್ದು ಬಂದ್ರೆ ಏನರ್ಥ ಚಿಕ್ಕಮ್ಮ?"

ಮಗಳು ಬಾಗಿಲಲ್ಲಿ ನಿಂತಿದ್ದಳು. ಬಂದು ನಲ್ಲಿ ನಿಲ್ಲಿಸಿದಳು.

"ಹೂ ಬಿಡೋಕೆ ನಿನ್ನ ಗಂಡನೂ ಬರ್ತಾನಾ?"

"ಅವರು ಬರದೆ ಇನ್ನೇನು."

"ಅವನು ಅವಳನ್ನ ನೋಡೇ ಇಲ್ಲ. ಅವಳ ದನಿ ಹೇಗಿತ್ತು ಅಂತ ಗೊತ್ತಿಲ್ಲ. ಅವನು ಬರಬಹುದು. ನಾನು ಕೂತು ಗಾಜು ಊದೋದು ನೋಡ್ಬೇಕು."

"ನಿಂಗೆ ಬೇಜಾರಾಗ್ಬಾರ್ದು ಅಂತ ಮಾಡಿದ್ದು. ಎಲ್ರೂ ಅಮ್ಮ ಅಮ್ಮ ಅಂತಿರೋವಾಗ ನೀನು ಪಕ್ಕದಲ್ಲಿ ಸುಮ್ನೆ ನಿಂತ್ಕೊಂಡು..."

"ನಿಂಗೆ ಅವಳು ಅಮ್ಮ ಆಗಿದ್ದು ಆರು ವರ್ಷ. ನಂಗೆ ಅವಳು ಅಕ್ಕ ಆಗಿದ್ದು ನಾನು ಹುಟ್ಟಿದಾಗಿಂದ." ಅವಳು ಕಟ್ಟೆಯ ಅಂಚನ್ನು ಒತ್ತಿ ಹಿಡಿದಳು. "ನನ್ನ ಯಾಕೆ ಸುಮ್ನೆ ನಿಲ್ಲಿಸ್ತೀರಿ? ನಂಗೆ ಅಳೋಕೆ ಬರಲ್ಲ ಅಂತ ಯಾರು ಹೇಳಿದ್ದು ನಿಮಗೆ?"

ಮಗಳು ನೆಲ ನೋಡಿದಳು. ಟೀಚರಿನ ಬಿಗಿಯೆಲ್ಲ ಇಳಿದುಹೋಗಿ, ಹೋಮ್‌ವರ್ಕ್ ಮಾಡದೆ ಬಂದ ಹುಡುಗಿಯ ಮುಖ ಅದರ ಅಡಿಯಿಂದ ಕಂಡಿತು.

"ಸುಳ್ಳು ಹೇಳಿದೆ," ಎಂದಳು. "ನಿಂಗೆ ಬೇಜಾರು ಅಂತಲ್ಲ. ನಂಗೆ ಅಮ್ಮನ ಮುಖ ನೆನಪಿಲ್ಲ. ಫೋಟೋ ನೋಡಿದ್ರೆ ಫೋಟೋ ನೆನಪಿರುತ್ತೆ, ಅಷ್ಟೆ. ಕಣ್ಣು ಮುಚ್ಚಿದ್ರೆ ನೀನು ಬರ್ತೀಯ. ಜ್ವರ ಬಂದಾಗ ಅಂದ್ಕೊಂಡ್ರೆ ನೀನು, ಜಡೆ ಹಾಕೋವಾಗ ಅಂದ್ಕೊಂಡ್ರೆ ನೀನು. ಆ ದ್ವೀಪದಲ್ಲಿ ಅಮ್ಮ ನನ್ನ ಎತ್ಕೊಂಡು ನೀರಿಗೆ ಇಳಿದಿದ್ಲಲ್ಲ, ಅಮ್ಮಂದು ಅಂತ ನನ್ನ ಹತ್ರ ಇರೋದು ಅದೊಂದೇ. ಈಗೀಗ ಅಲ್ಲೂ ನಿನ್ನ ಮುಖವೇ ಬಂದು ಕೂತಿದೆ. ನೀನು ಆ ಜಾಗಕ್ಕೂ ಬಂದು ನಿಂತ್ರೆ ಮುಗೀತು. ಅಮ್ಮ ಪೂರ್ತಿ ಹೋದ್ಲು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿ ನಿಂತಿತ್ತು, ಚಿಕ್ಕದು, ಚೂಪಾದದ್ದು, ಅದನ್ನು ಹೊರಗೆ ಬಿಟ್ಟರೆ ಸಾಕು. ನೀನು ಕಂಡದ್ದು ಸರಿಯಾಗಿಯೇ ಇದೆ ಮಗೂ, ಆ ಮುಖ ನನ್ನದೇ. ಹೇಳಬೇಕು ಎನಿಸಿತು, ಹೇಳುವ ಹಕ್ಕು ತನಗಿದೆ ಎನಿಸಿತು, ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ತನ್ನದೆಂದು ಒಂದಾದರೂ ಇದ್ದರೆ ಅದು ಆ ನೀರು, ಆ ಕಿವಿ ಹಿಡಿದ ಕೈ, ಅದನ್ನೂ ಇವಳು ತಾಯಿಯ ಖಾತೆಗೆ ಬರೆದುಕೊಂಡು, ಆಮೇಲೆ ಅಲ್ಲಿ ನಿನ್ನ ಮುಖ ಯಾಕೆ ಬಂತು ಎಂದು ತನ್ನನ್ನೇ ಕೇಳುತ್ತಿದ್ದಾಳೆ. ಅಷ್ಟರಲ್ಲಿ ಬಾಗಿಲಲ್ಲಿ ಗಂಡ ಕಂಡ. ಸೀಸದಕಡ್ಡಿ ಇನ್ನೂ ಕೈಯಲ್ಲೇ ಇತ್ತು. ಎಲ್ಲ ಕೇಳಿಸಿಕೊಂಡಿದ್ದ. ಅವನಿಗೆ ಗೊತ್ತು. ದಡದಲ್ಲಿ ಚಪ್ಪಲಿ ಕಾಯುತ್ತಿದ್ದವನು ಅವನೇ. ಅವನ ತುಟಿ ಅಲುಗಿತು. ಅವಳು ಅವನನ್ನು ನೋಡಿದ ರೀತಿಗೆ ಮತ್ತೆ ಮುಚ್ಚಿಕೊಂಡಿತು. ಅವನು ಹೇಳಿಬಿಟ್ಟಿದ್ದರೆ ಅವನನ್ನು ಕೊಂದುಬಿಡುತ್ತಿದ್ದೆ ಎನಿಸಿತು. ಹೇಳಲಿಲ್ಲವಲ್ಲ ಎಂದೂ ಕೊಲ್ಲಬೇಕೆನಿಸಿತು.

"ಹಾಗಾದ್ರೆ ಕೇಳಿಸ್ಕೋ," ಎಂದಳು ಮಗಳಿಗೆ. ದನಿ ಬೈಯುವ ದನಿಯೇ ಆಗಿತ್ತು. "ನಿಮ್ಮಮ್ಮನ ಕಿವಿ ನನ್ನ ಹಾಗೆ ಮೊರದಗಲ ಇರಲಿಲ್ಲ, ಚಿಕ್ಕದು. ಮುಂದಿನ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿತ್ತು. ಫೋಟೋ ತೆಗೆಯೋವಾಗ ಬಾಯಿ ಮುಚ್ಕೊಳ್ತಿದ್ಲು, ಅದಕ್ಕೇ ಯಾವ ಫೋಟೋದಲ್ಲೂ ಅದು ಕಾಣಲ್ಲ. ಕಣ್ಣು ನಂದು ಒಳಗೆ, ಅವಳದ್ದು ಹೊರಗೆ. ಸಿಟ್ಟು ಬಂದ್ರೆ ಉದುರಿ ಬೀಳುತ್ತೇನೋ ಅನ್ಸೋದು. ಸಿಟ್ಟು ದಿನಾ ಬರೋದು. ಇಲ್ನೋಡು." ಹುಬ್ಬಿನ ಕೂದಲು ಸರಿಸಿ, ಬಗ್ಗಿ, ಹಳೇ ಗಾಯದ ಕಲೆ ತೋರಿಸಿದಳು. "ಅವಳ ಬಟ್ಟೆ ಹಾಕ್ಕೊಂಡೆ ಅಂತ ಬಾಚಣಿಗೆ ಎಸೆದಿದ್ಲು. ಆಮೇಲೆ ರಕ್ತ ನೋಡಿ ನನಗಿಂತ ಜೋರಾಗಿ ಅತ್ಲು. ದೇವತೆ ಗೀವತೆ ಏನಲ್ಲ ಅವಳು. ನೀವಿಬ್ರೂ ಸೇರ್ಕೊಂಡು ಅವಳನ್ನ ಒರೆಸಿ ಒರೆಸಿ ಮುಖವೇ ಇಲ್ಲದ ಹಾಗೆ ಮಾಡಿದೀರಿ. ನಾನಲ್ಲ ಅಳಿಸಿದ್ದು."

ಮಗಳು ಅವಳ ಹುಬ್ಬನ್ನೇ ನೋಡುತ್ತಿದ್ದಳು. ಮುಟ್ಟಲು ಕೈ ಎತ್ತಿದವಳು ಮುಟ್ಟಲಿಲ್ಲ.

"ನೀರಲ್ಲಿ ನನ್ನ ಎತ್ಕೊಂಡಿದ್ದಾಗ," ಎಂದಳು, "ಆ ಹಲ್ಲು ಕಾಣ್ತಿತ್ತಾ? ಅಮ್ಮ ನಗ್ತಿದ್ಲಾ?"

ಗಂಡ ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿತು. ಬಾಯಲ್ಲಿದ್ದ ವಾಕ್ಯ ಇನ್ನೂ ಅಲ್ಲೇ ಇತ್ತು. ಅದರ ಹಿಂದೆ, ಗೋಡೆಗೆ ಮುಖ ಮಾಡಿ ಮಲಗಿದ್ದ ಒಂದು ಬೆನ್ನು. ತಲೆಯೊಳಗೆ ಏನು ಬೆಳೆಯುತ್ತಿದೆ ಎಂದು ಆ ದಿನ ಅಕ್ಕನಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಆ ಬೆನ್ನನ್ನು ಇವಳಿಗೆ ಕೊಡಲು ಮನಸ್ಸಾಗಲಿಲ್ಲ. ಅದು ತನ್ನ ಅಕ್ಕನದು.

"ನಾನು ದಡದಲ್ಲಿದ್ದೆ," ಎಂದಳು. "ಅಷ್ಟು ದೂರದಿಂದ ಹಲ್ಲು ಕಾಣಲ್ಲ."

ಹೇಳಿದ ಮೇಲೆ ಹಗುರವಾಗಲಿಲ್ಲ. ಇದ್ದದ್ದೊಂದನ್ನೂ ಕೈಯಾರೆ ಕೊಟ್ಟು ಕಳಿಸಿದೆನಲ್ಲ ಎಂಬ ಉರಿ ಉಳಿಯಿತು. ಇದನ್ನು ಯಾರೂ ಎಂದೂ ತೀರಿಸಲಾರರು, ಏಕೆಂದರೆ ಕೊಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿದ್ದ ಒಬ್ಬನೂ ಬಾಗಿಲಲ್ಲಿ ನಿಂತು ಅವಳನ್ನು ಕೃತಜ್ಞತೆಯಿಂದ ನೋಡುತ್ತಿದ್ದ. ಆ ಕೃತಜ್ಞತೆ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವನನ್ನು ಸರಿಸಿಕೊಂಡು ಹೊರಗೆ ಬಂದಳು. ಬೀಗಿತ್ತಿ ಕುರ್ಚಿಯಿಂದ ಅರ್ಧ ಎದ್ದು, "ನಾನೇನಾದ್ರೂ ತಪ್ಪು ಮಾತಾಡಿದ್ನೇನ್ರೀ?" ಎಂದರು. "ಇಲ್ಲ, ನೀವೊಬ್ರೇ ಸರಿಯಾಗಿ ಮಾತಾಡಿದ್ದು. ಅದು ನನ್ನ ಕುರ್ಚಿ, ಸ್ವಲ್ಪ ಆಕಡೆ ಕೂರ್ತೀರಾ?" ಎಂದಳು. ಅವರು ತಟಕ್ಕನೆ ಎದ್ದು ಪಕ್ಕದ ಕುರ್ಚಿಗೆ ಹೋದರು. ಅವಳು ಕೂತಳು.

"ಆ ದ್ವೀಪಕ್ಕೆ ಮಧ್ಯಾಹ್ನವೂ ದೋಣಿ ಇದೆಯಾ ನೋಡಪ್ಪ," ಎಂದಳು ಅಳಿಯನಿಗೆ.

ಅವನು ಹೆಂಡತಿಯ ಮುಖ ನೋಡಿದ. ಮಗಳು ಅಪ್ಪನನ್ನು ದಾಟಿ ಬಂದು ಗೋಡೆಗೆ ಒರಗಿ ನಿಂತಿದ್ದಳು. ಅವನು ಹುಡುಕಿದ. "ಇದೆ ಅತ್ತೆ. ಹಡಗು ಬಿಡೋ ಮೊದಲು ವಾಪಸ್ ತಂದು ಬಿಡ್ತಾರೆ."

"ಬೆಳಗಿನದಕ್ಕೆ ನೀವು ಹೋಗಿ. ಮಧ್ಯಾಹ್ನದ್ದರಲ್ಲಿ ನಂಗೊಂದು ಜಾಗ ಹಿಡಿ. ಒಬ್ಬಳಿಗೆ." ಮಗಳ ಕಡೆ ತಿರುಗಿದಳು. "ನಿನ್ನ ಅಮ್ಮನಿಗೆ ನೀನು ಹೂ ಬಿಡು. ಅಲ್ಲಿ ನನ್ನ ಮುಖ ಇರಲ್ಲ. ನಮ್ಮಕ್ಕನ ಹತ್ರ ನಂಗೆ ಬೇರೆ ಮಾತಿದೆ, ಜಗಳವೂ ಇದೆ. ದಡದಲ್ಲಿ ನಾನು ಹತ್ತೋವಾಗ ನೀವು ಇಳೀತಿದ್ರೆ ನನ್ನನ್ನ ಮಾತಾಡಿಸ್ಬೇಡಿ."

ಮಗಳು ತಲೆ ಆಡಿಸಿದಳು. ಒಪ್ಪಿದ್ದೋ, ಸೋತದ್ದೋ ಅವಳು ನೋಡಲು ಹೋಗಲಿಲ್ಲ.

"ಹಾಗಾದ್ರೆ ನಾನು ಯಾವ ದೋಣಿಗೆ?" ಎಂದ ಗಂಡ.

ಅವನು ಇನ್ನೂ ಅಡುಗೆಮನೆಯ ಬಾಗಿಲಲ್ಲೇ ಇದ್ದ. ಕೇಳಿದ್ದು ಮಗಳನ್ನೋ ಅವಳನ್ನೋ ತಿಳಿಯಲಿಲ್ಲ. ಮಗಳು ಅವಳ ಕಡೆ ನೋಡಿದಳು, ಅವಳು ಮಗಳ ಕಡೆ ನೋಡಲಿಲ್ಲ.

"ನೀವು ನನ್ನ ಜೊತೆ ಗಾಜು ನೋಡೋಕೆ ಬಂದ್ಬಿಡಿ ಬೀಗ್ರೇ," ಎಂದರು ಬೀಗಿತ್ತಿ, ನಿಜವಾದ ಕನಿಕರದಿಂದ. "ಚಹಾ ಕೊಡ್ತಾರಂತೆ."

ಅಳಿಯನ ಬೆರಳು ಗುಂಡಿಯ ಮೇಲೆ ಕಾದಿತ್ತು. "ಮಾವಂದು ಏನು ಹಾಕ್ಲಿ ಅತ್ತೆ?" ಎಂದ.

"ಅವರೇ ಹೇಳ್ಲಿ."

ಗಂಡ ಬಂದು ಹಡಗಿನ ನಕಾಶೆಯ ಮುಂದೆ ಕೂತ. ಸೀಸದಕಡ್ಡಿಯ ತುದಿಯನ್ನು ಕಾಗದಕ್ಕೆ ತಾಗಿಸಿದ, ಎತ್ತಿದ, ಮತ್ತೆ ತಾಗಿಸಿದ. ಮೊದಲ ಮದುವೆಯನ್ನು ಅವನ ಅಪ್ಪ ಗೊತ್ತು ಮಾಡಿದ್ದರು, ಎರಡನೆಯದನ್ನು ಅವಳ ಸೋದರಮಾವ. ಅವನ ತುಟಿಗಳು ಅಲುಗುತ್ತಿದ್ದವು. ಅವಳು ಎದ್ದು ಅಡುಗೆಮನೆಗೆ ಹೋಗಿ ಒಂದು ತಟ್ಟೆ ತೆಗೆದುಕೊಂಡಳು, ಒಲೆಯ ಮೇಲೆ ಉಳಿದಿದ್ದರಲ್ಲಿ ತನಗೆ ಬೇಕಾದದ್ದನ್ನಷ್ಟೇ ಆರಿಸಿ ಹಾಕಿಕೊಂಡಳು, ಬೇಡದ್ದನ್ನು ಪಾತ್ರೆಯಲ್ಲೇ ಬಿಟ್ಟಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವನ ಉತ್ತರಕ್ಕೆ ಉಳಿದವರು ಕಾಯುತ್ತಿರಲಿ ಎಂದುಕೊಂಡು ತನ್ನ ಕುರ್ಚಿಗೆ ಬಂದು ಊಟಕ್ಕೆ ಕೂತಳು.